ಭಟ್ರ ಗಂಡು ಮರ ಮತ್ತು ಗ್ರೆನಡಾದ ಪದಕ

ಮೇ ತಿಂಗಳ ಸಂಜೆ. ಭಟ್ರ ಅಂಗಳದ ಕಾಟು ಮಾವಿನ ಮರದ ಕೆಳಗೆ ನಾವು ನಾಲ್ಕು ಜನ, ಕೈಯಲ್ಲಿ ಪುನರ್ಪುಳಿ ಶರಬತ್ತು. ಎರಡು ದಿನದಿಂದ ಮೋಡ ಬರೀ ಹೆದರಿಸುತ್ತಿತ್ತು, ಮಳೆ ಇಲ್ಲ. ಮಾತಿಗೂ ವಿಷಯ ಇರಲಿಲ್ಲ. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ರಿಟೈರ್ ಆದರೂ ಪ್ರಶ್ನೆ ಕೇಳುವ ಚಟ ಅವರನ್ನು ಬಿಟ್ಟಿಲ್ಲ.

"2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜನಸಂಖ್ಯೆ ನೋಡಿ ಪದಕ ಲೆಕ್ಕ ಹಾಕಿದರೆ ಮೊದಲು ಬಂದದ್ದು ಯಾವ ದೇಶ?"

"ಅಮೆರಿಕ" ಅಂದರು ಶೆಟ್ರು.

"ಅಲ್ಲ."

"ಚೀನಾ."

"ಅಲ್ಲ ಮಾರಾಯ್ರೇ. ಗ್ರೆನಡಾ."

"ಗ್ರಾನೈಟ್ ಅಂಗಡಿಯ ಹೆಸರಿನ ಹಾಗೆ ಉಂಟಲ್ಲ!"

ಅಷ್ಟು ಹೊತ್ತು ಆರಾಮ ಕುರ್ಚಿಯಲ್ಲಿ ಅರ್ಧ ನಿದ್ದೆ ಮಾಡುತ್ತಿದ್ದ ಭಟ್ರು ಎದ್ದು ಕೂತರು. "ಎಂತ ಹೇಳಿದ್ರಿ? ಗ್ರೆನಡಾವಾ? ಅದು ಕೆರಿಬಿಯನ್ ದ್ವೀಪ, ಜಾಯಿಕಾಯಿ ದೇಶ!"

ಭಟ್ರಿಗೂ ಜಾಯಿಕಾಯಿಗೂ ಒಂದು ಹಳೇ ವ್ಯಾಜ್ಯ ಉಂಟು. ಅಡಿಕೆ ತೋಟದ ಮಧ್ಯೆ ನರ್ಸರಿಯಿಂದ ತಂದ ಒಂದು ಜಾಯಿಕಾಯಿ ಗಿಡ ನೆಟ್ಟು, ಏಳು ವರ್ಷ ಸೊಪ್ಪು, ಗೊಬ್ಬರ, ನೀರು ಅಂತ ಮಗುವಿನ ಹಾಗೆ ಸಾಕಿದರು. ಹೂ ಬಿಟ್ಟಿತು. ನೋಡಿದರೆ ಗಂಡು ಮರ! ಬೀಜದಿಂದ ಎದ್ದ ಗಿಡ ಗಂಡೋ ಹೆಣ್ಣೋ ಅಂತ ಹೂ ಬಿಡುವ ತನಕ ಗೊತ್ತಾಗುವುದಿಲ್ಲ. ಗಂಡಾದರೆ ಕಾಯಿಯೂ ಇಲ್ಲ, ಜಾಪತ್ರೆಯೂ ಇಲ್ಲ. ಆಮೇಲಿಂದ ಅವರು ಜಾಯಿಕಾಯಿ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾರೆ. ಯಾಕೆ ಅಂತ ಕೇಳಬಾರದು.

"ಆ ದೇಶದ ಬಾವುಟದಲ್ಲೇ ಒಂದು ಜಾಯಿಕಾಯಿ ಉಂಟು" ಅಂದರು ಭಟ್ರು. "ಸಿಪ್ಪೆ ಬಿರಿದ ಕಾಯಿ, ಒಳಗೆ ಕೆಂಪು ಜಾಪತ್ರೆ. 2004ರಲ್ಲಿ ಐವಾನ್ ಅಂತ ಚಂಡಮಾರುತ ಬಂದು ಮುಕ್ಕಾಲುವಾಸಿ ಮರಗಳನ್ನು ಮಲಗಿಸಿತು. ಪಾಪ, ಎಷ್ಟು ಹೆಣ್ಣು ಮರಗಳು ಹೋದವೋ!"

"ಹೆಣ್ಣು ಮರದ ದುಃಖ ಆಮೇಲೆ" ಅಂದರು ಮೇಷ್ಟ್ರು. "ಮೊದಲು ಲೆಕ್ಕ. ಆ ದೇಶದಲ್ಲಿ ಇರುವುದು ಸುಮಾರು 1.2 ಲಕ್ಷ ಜನ. ಪ್ಯಾರಿಸ್‌ಗೆ ಹೋದವರು ಆರೇ ಮಂದಿ, ಅವರಲ್ಲಿ ಇಬ್ಬರು ಈಜುಗಾರರು. ಬಂದ ಪದಕ ಎರಡು, ಎರಡೂ ಕಂಚು. ಅಂದರೆ 60,000 ಜನಕ್ಕೆ ಒಂದು. ಅದೇ ದರದಲ್ಲಿ ನಮ್ಮ 140 ಕೋಟಿಗೆ ಎಷ್ಟು ಬರಬೇಕು?"

ನಾವು ಸುಮ್ನೆ ಕೂತೆವು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಹಾಗೆ ಕೂರುವುದು ಅಭ್ಯಾಸ.

"23,000ಕ್ಕಿಂತ ಜಾಸ್ತಿ! ನಮಗೆ ಬಂದದ್ದು ಆರು."

"ಪ್ಯಾರಿಸ್‌ನಲ್ಲಿ ಇದ್ದ ಸ್ಪರ್ಧೆಗಳೇ 329" ಅಂದೆ ನಾನು. "ಮೂರು ಮೂರು ಅಂತ ಇಟ್ಟರೂ ಸಾವಿರದ ಹತ್ತಿರ ಹತ್ತಿರ. ಇಪ್ಪತ್ತಕ್ಕೂ ಜಾಸ್ತಿ ಒಲಿಂಪಿಕ್ಸ್‌ಗಳ ಪದಕವೆಲ್ಲ ನಮಗೇ ಕೊಟ್ಟರೆ ಸರಿಹೋಗುತ್ತದೆ."

"ಅಷ್ಟು ಪದಕ ಇಡುವುದು ಎಲ್ಲಿ? ಅಡಿಕೆ ಗೋದಾಮು ಬೇಕಾದೀತು" ಅಂದರು ಶೆಟ್ರು.

ಈ ತಲೆಲೆಕ್ಕ ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಸಣ್ಣ ದೇಶಕ್ಕೆ ಒಂದು ಪದಕ ಬಂದರೆ ಪಟ್ಟಿಯ ಮೇಲ್ತುದಿ, ತಪ್ಪಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಆದರೆ ಆರು ಜನ ಹೋಗಿ ಎರಡು ಪದಕ ತಂದರಲ್ಲ, ಅದು ಬೇರೆ ಮಾತು. ನಮ್ಮಲ್ಲಿ ಮದುವೆ ದಿಬ್ಬಣಕ್ಕೆ ಆರೇ ಜನ ಹೋದರೆ ಹುಡುಗಿ ಮನೆಯವರು ಒಳಗೇ ಬಿಡಲಿಕ್ಕಿಲ್ಲ.

"ಚಿನ್ನ ಬಂದೇ ಇಲ್ವಾ ಅವರಿಗೆ?" ಶೆಟ್ರಿಗೆ ಕಂಚಿನಲ್ಲಿ ಆಸಕ್ತಿ ಕಡಿಮೆ.

"ಬಂದಿದೆ. 2012, ಲಂಡನ್, ಪುರುಷರ 400 ಮೀಟರ್. ಹುಡುಗನ ಹೆಸರು ಕಿರಾನಿ ಜೇಮ್ಸ್."

"ಕಿರಾಣಿಯಾ? ಸಂಬಾರ ಪದಾರ್ಥದ ದೇಶಕ್ಕೆ ಸರಿಯಾದ ಹೆಸರೇ!" ಭಟ್ರಿಗೆ ಖುಷಿಯೋ ಖುಷಿ.

ಕಿರಾನಿಯ ಕತೆ ಮಾತ್ರ ನನಗೆ ನಿಜಕ್ಕೂ ಇಷ್ಟ. ಗ್ರೆನಡಾ ಮೊದಲು ಒಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ. ಮೊದಲ ಪದಕಕ್ಕೆ 28 ವರ್ಷ ಕಾದರು. ("ನಾನು ಏಳೇ ವರ್ಷ ಕಾದದ್ದು" ಅಂದರು ಭಟ್ರು, ಮೆಲ್ಲಗೆ.) ಬಂದಾಗ ಚಿನ್ನವೇ ಬಂತು. 19 ವರ್ಷದ ಹುಡುಗ, 43.94 ಸೆಕೆಂಡ್. ಅಮೆರಿಕದವರನ್ನು ಬಿಟ್ಟರೆ 44 ಸೆಕೆಂಡಿನ ಒಳಗೆ ಅಲ್ಲಿಯತನಕ ಯಾರೂ ಓಡಿರಲಿಲ್ಲ. ಸೆಮಿಫೈನಲ್‌ನಲ್ಲಿ ಕೃತಕ ಕಾಲಿನ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಕೊನೆಗೆ ಬಂದಾಗ, ಗೆದ್ದ ಈ ಹುಡುಗ ಹೋಗಿ ಅವನ ಹೆಸರಿನ ಚೀಟಿ ಕೇಳಿ ಪಡೆದು ತನ್ನದನ್ನು ಅವನಿಗೆ ಕೊಟ್ಟಿದ್ದ. ಚಿನ್ನ ಬಂದ ಮೇಲೆ ಗ್ರೆನಡಾದ ಪ್ರಧಾನಿ ದೇಶಕ್ಕೆಲ್ಲ ಅರ್ಧ ದಿನ ರಜೆ ಕೊಟ್ಟರು.

"ಅರ್ಧವಾ?" ಮೇಷ್ಟ್ರ ಮುಖ ಬಾಡಿತು. "ಇಪ್ಪತ್ತೆಂಟು ವರ್ಷ ಕಾದು ಅರ್ಧ ದಿನವಾ? ನಮ್ಮಲ್ಲಿ ಜೋರು ಮಳೆ ಬಂದರೂ ಪೂರ್ತಿ ದಿನ ಕೊಡ್ತಾರೆ."

"ಅವನ ಊರು ಗ್ವಾವ್. ಫ್ರೆಂಚರು ಪೇರಳೆ ಹಣ್ಣಿನಿಂದ ಇಟ್ಟ ಹೆಸರು" ಅಂದೆ. "ಮೀನುಗಾರರ ಊರು. ಅಲ್ಲಿ ಶುಕ್ರವಾರ ಸಂಜೆ ಬೀದಿಯಲ್ಲೇ ಮೀನು ಹುರಿದು, ಸುಟ್ಟು ಮಾರುತ್ತಾರೆ. ಫಿಶ್ ಫ್ರೈಡೇ ಅಂತಲೇ ಹೆಸರು."

ಶೆಟ್ರ ಕಣ್ಣು ಆಗ ಪೂರ್ತಿ ತೆರೆಯಿತು. "ಹಾಗಾದರೆ ಪದಕ ಬಂದದ್ದು ಜಾಯಿಕಾಯಿಯಿಂದ ಅಲ್ಲ. ಮೀನಿನಿಂದ."

ಮುಂದಿನ ಹತ್ತು ನಿಮಿಷ ಮೀನು ದೊಡ್ಡದೋ ಜಾಯಿಕಾಯಿ ದೊಡ್ಡದೋ ಅಂತ ಚರ್ಚೆ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಧ್ಯೆ ಬಾಯಿ ಹಾಕಿ ನಾನೇ ಹೇಳಿದೆ, ಇದು ಮೀನೂ ಅಲ್ಲ, ಜಾಯಿಕಾಯಿಯೂ ಅಲ್ಲ. ಕೆರಿಬಿಯನ್ ದ್ವೀಪಗಳ ಮಕ್ಕಳಿಗೆ 1972ರಿಂದ ಕ್ಯಾರಿಫ್ಟಾ ಅಂತ ಒಂದು ಕ್ರೀಡಾಕೂಟ ನಡೆಯುತ್ತಿದೆ. ಅಲ್ಲಿ ಮಿಂಚಿದವರ ಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಣ್ಣು. ಕಿರಾನಿ ಹೋದದ್ದು ಅಲಬಾಮಾಗೆ.

"ಬೀಜ ಅವರದ್ದು, ನರ್ಸರಿ ಅಮೆರಿಕದ್ದು" ಅಂದರು ಭಟ್ರು. ನರ್ಸರಿ ಅನ್ನುವಾಗ ದನಿ ಸ್ವಲ್ಪ ಗಡುಸಾಯಿತು.

ಕಿರಾನಿಗೆ 2016ರ ರಿಯೋದಲ್ಲಿ ಬೆಳ್ಳಿ. ಆಮೇಲೆ ಥೈರಾಯ್ಡ್ ತೊಂದರೆ, ಗ್ರೇವ್ಸ್ ಕಾಯಿಲೆ. ಮುಗಿಯಿತು ಅಂದುಕೊಳ್ಳುವಾಗ ಟೋಕಿಯೋದಲ್ಲಿ ಕಂಚು. ಪ್ಯಾರಿಸ್‌ನಲ್ಲಿ 43.87 ಸೆಕೆಂಡ್ ಓಡಿದ. ಲಂಡನ್‌ನಲ್ಲಿ ಚಿನ್ನ ತಂದದ್ದಕ್ಕಿಂತಲೂ ಬೇಗ. ಬಂದದ್ದು ಐದನೇ ಸ್ಥಾನ!

ಮೇಷ್ಟ್ರು ಲೋಟ ಕೆಳಗಿಟ್ಟರು. "ಮೊದಲಿಗಿಂತ ಚೆನ್ನಾಗಿ ಬರೆದೂ ರ‍್ಯಾಂಕ್ ಹೋಯಿತಾ? ಇದು ನಮ್ಮ ಸಿಇಟಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಸಿಇಟಿ ಬರೆದವರಿದ್ದಾರೆ.

ಮೌನ ಮುರಿಯಲು ಮೇಷ್ಟ್ರೇ ಬ್ಯಾಂಡಿನ ಕತೆ ತೆಗೆದರು. ಐವಾನ್ ಬಂದು ಹೋದ ಮೇಲೆ, 2007ರ ವಿಶ್ವಕಪ್ ಕ್ರಿಕೆಟ್‌ಗೆ ಚೀನಾದವರು ಗ್ರೆನಡಾಕ್ಕೆ ಸ್ಟೇಡಿಯಂ ಕಟ್ಟಿಕೊಟ್ಟರು. ಹಸ್ತಾಂತರದ ಸಮಾರಂಭ. ಚೀನಾದ ರಾಯಭಾರಿ ಗಂಭೀರವಾಗಿ ಕೂತಿದ್ದಾರೆ. ಪೊಲೀಸ್ ಬ್ಯಾಂಡಿನವರು ನುಡಿಸಿದ್ದು ತೈವಾನಿನ ರಾಷ್ಟ್ರಗೀತೆ! ಎರಡು ವರ್ಷದ ಹಿಂದಿನ ತನಕ ಗ್ರೆನಡಾದ ಗೆಳೆತನ ಚೀನಾಕ್ಕೆ ಆಗದ ತೈವಾನ್ ಜೊತೆ ಇತ್ತು. ಹಳೇ ಸಂಬಂಧದ ಹಾಡು ಅಷ್ಟು ಬೇಗ ಮರೆತೀತಾ? ಆ ಕ್ರಿಕೆಟ್ ಸ್ಟೇಡಿಯಂ ಪಕ್ಕದಲ್ಲೇ ಈಗ ಓಟದ ಸ್ಟೇಡಿಯಂ ಉಂಟು, ಕಿರಾನಿ ಹೆಸರಿನಲ್ಲಿ.

"ಪ್ಯಾರಿಸ್‌ನ ಎರಡು ಕಂಚು ಯಾರದ್ದು ಮತ್ತೆ?"

ಒಂದು ಲಿಂಡನ್ ವಿಕ್ಟರ್‌ನದ್ದು, ಡೆಕಾಥ್ಲಾನ್, 8,711 ಅಂಕ. ಎರಡು ದಿನದಲ್ಲಿ ಹತ್ತು ಸ್ಪರ್ಧೆ. ಓಡು, ಹಾರು, ಗುಂಡು ಎಸೆ, ಕೋಲು ಹಿಡಿದು ಜಿಗಿ. ಎಲ್ಲ ಮುಗಿದು ಮೈ ನುಗ್ಗಾದ ಮೇಲೆ ಕೊನೆಗೆ 1,500 ಮೀಟರ್ ಓಟ. "ಮದುವೆ ಅಡುಗೆ ಮಾಡಿ, ಬಡಿಸಿ, ಕೊನೆಗೆ ಪಾತ್ರೆಯೂ ತೊಳೆದ ಹಾಗೆ" ಅಂದರು ಭಟ್ರು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇನ್ನೊಂದು ಆಂಡರ್ಸನ್ ಪೀಟರ್ಸ್‌ನದ್ದು. ಅವನ ಹೆಸರು ನಮಗೆ ಗೊತ್ತು. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 90.54 ಮೀಟರ್ ಭರ್ಜಿ ಎಸೆದು ನಮ್ಮ ನೀರಜ್ ಚೋಪ್ರಾನನ್ನು ಬೆಳ್ಳಿಗೆ ಇಳಿಸಿದವನು. ಪ್ಯಾರಿಸ್‌ನಲ್ಲಿ ನೀರಜ್ 89.45, ಪೀಟರ್ಸ್ 88.54. ಇಬ್ಬರ ತಲೆಯ ಮೇಲೆ ಪಾಕಿಸ್ತಾನದ ಅರ್ಷದ್ ನದೀಮ್‌ನ ಭರ್ಜಿ ಹಾರಿಹೋಗಿ 92.97ರಲ್ಲಿ ಬಿತ್ತು. 2025ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಹೆಸರಿನ ಕೂಟ ನಡೆಯಿತಲ್ಲ, ಅದಕ್ಕೂ ಪೀಟರ್ಸ್ ಬರುವವನಿದ್ದ. ಕಾಲು ಉಳುಕಿ ಬರಲಿಲ್ಲ.

"ಬಂದಿದ್ದರೆ ಒಂದು ಹೆಣ್ಣು ಗಿಡ ತರಲು ಹೇಳಬಹುದಿತ್ತು" ಅಂದರು ಭಟ್ರು.

"ಅವನು ಎಸೆಯಲು ಕಲಿತದ್ದು ಹೇಗೆ ಗೊತ್ತುಂಟಾ? ಸಣ್ಣವನಿದ್ದಾಗ ಮಾವಿನಕಾಯಿಗೆ ಕಲ್ಲು ಹೊಡೆದು" ಅಂದೆ.

ಹೇಳಬಾರದಿತ್ತು. ಶೆಟ್ರು ಆಗಲೇ ಎದ್ದು ಕಲ್ಲು ಹುಡುಕುತ್ತಿದ್ದರು. ಪಂಚೆ ಎತ್ತಿ ಕಟ್ಟಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಎಸೆದರು. ಮಾವು ಅಲ್ಲಾಡಲಿಲ್ಲ. ಹಟ್ಟಿಯ ಹೆಂಚು ಫಟ್ ಅಂತು. ಒಳಗಿಂದ ದನ ಕೂಗಿತು.

"ಹದಿನೆಂಟು ಮೀಟರ್ ಇರಬಹುದು" ಅಂದರು ಮೇಷ್ಟ್ರು.

"ಯಾರದು ಕಲ್ಲು ಹೊಡೆದದ್ದು?" ಅಂತ ಭಟ್ರ ಹೆಂಡತಿ ಹೊರಗೆ ಬಂದರು. ನಮಗೆಲ್ಲ ಅವರು ಅಕ್ಕ. ನಾಲ್ವರೂ ಶರಬತ್ತಿನ ಲೋಟದೊಳಗೆ ಇಣುಕಿದೆವು. ಅಕ್ಕ ಗೋಡೆಗೆ ಒರಗಿಸಿದ್ದ ಕೊಕ್ಕೆ ತೆಗೆದು, ಎರಡು ಹಣ್ಣು ಉದುರಿಸಿ, ನಮ್ಮ ಮುಂದಿಟ್ಟು ಒಳಗೆ ಹೋದರು. ಒಂದು ಮಾತಾಡಲಿಲ್ಲ.

"ನಾಲ್ಕು ಜನಕ್ಕೆ ಎರಡು ಹಣ್ಣು. ಅಂದರೆ ತಲೆಗೆ..." ಅಂತ ಮೇಷ್ಟ್ರು ಶುರುಮಾಡುವಷ್ಟರಲ್ಲಿ ಶೆಟ್ರು ಒಂದನ್ನು ಕಚ್ಚಿಯಾಗಿತ್ತು.