ಕಾನ್‌ಸ್ಟಾಂಟ್ಸಾ ಕ್ಯಾಸಿನೊ: ಉಳಿಸಿದ್ದು ಸರಿ, ಆದರೆ ಇಷ್ಟು ಹೊಸದಾಗಿ ಕಾಣಬೇಕಿತ್ತಾ?

ಕಡಲದಂಡೆ: ರೊಮೇನಿಯಾದ ಕಾನ್‌ಸ್ಟಾಂಟ್ಸಾ ಊರಲ್ಲಿ, ಕಪ್ಪು ಸಮುದ್ರದ ಅಂಚಿಗೇ ಒಂದು ಹಳೇ ಕ್ಯಾಸಿನೊ ಇದೆ. 1910ರಲ್ಲಿ ಬಾಗಿಲು ತೆರೆದದ್ದು. 1990ರಲ್ಲಿ ಮುಚ್ಚಿದ ಮೇಲೆ ಮೂವತ್ತು ವರ್ಷ ಹೆಚ್ಚುಕಡಿಮೆ ಪಾಳು ಬಿದ್ದಿತ್ತು. 2018ರಲ್ಲಿ ಯುರೋಪಾ ನೋಸ್ತ್ರಾ ಸಂಸ್ಥೆ, ಯುರೋಪಿನಲ್ಲಿ ಅಪಾಯದಲ್ಲಿರುವ ಏಳು ಪರಂಪರೆ ತಾಣಗಳ ಪಟ್ಟಿಗೆ ಇದನ್ನೂ ಸೇರಿಸಿತು. 2020ರಲ್ಲಿ ರಿಪೇರಿ ಶುರುವಾಗಿ, 2025ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಈಗ ಅದು ಸಂಸ್ಕೃತಿ ಕೇಂದ್ರ. ನನಗಂತೂ ತುಂಬಾ ಖುಷಿಯಾಯಿತು. ಆದರೆ ಫೋಟೊ ನೋಡಿದ ಗೆಳೆಯರೆಲ್ಲ ‘ಹಳೇದೇ ಚೆನ್ನಾಗಿತ್ತು’ ಅಂತಾರೆ. ನೀವೇನಂತೀರಿ?

ಹಳೆಗೋಡೆ: ನಾನೂ ಆ ಗೆಳೆಯರ ಕಡೆಯವನೇ. ಪಾಳು ಬಿದ್ದಾಗಿನ ಫೋಟೊಗಳಲ್ಲಿ ಆ ಕಟ್ಟಡಕ್ಕೆ ವಯಸ್ಸು ಕಾಣುತ್ತಿತ್ತು. ಕಡಲಿಗೆ ಮುಖ ಮಾಡಿರುವ ಚಿಪ್ಪಿನಾಕಾರದ ದೊಡ್ಡ ಕಿಟಕಿ, ಅದರ ಒಡೆದ ಗಾಜು, ಪದರ ಪದರವಾಗಿ ಎದ್ದ ಬಣ್ಣ. ಈಗ ನೋಡಿದರೆ ನಿನ್ನೆ ಗೃಹಪ್ರವೇಶ ಆದ ಮನೆ ಥರ ಇದೆ. ಗೋಡೆ ಬೀಳದ ಹಾಗೆ ಭದ್ರ ಮಾಡಿ, ಉಳಿದದ್ದನ್ನು ಹಾಗೇ ಬಿಡಬಹುದಿತ್ತಲ್ವಾ?

ಗಾರೆಕೆಲಸ: ಬಿಡೋಕಾಗಲ್ಲ ಸರ್. ನಾನು ಕಟ್ಟಡ ರಿಪೇರಿ ಕೆಲಸದಲ್ಲೇ ಇರುವವನು, ಅದಕ್ಕೇ ಹೇಳ್ತಿದ್ದೀನಿ. ಕಡಲ ಪಕ್ಕದ ಕಟ್ಟಡಕ್ಕೆ ದೊಡ್ಡ ಶತ್ರು ಉಪ್ಪು ಗಾಳಿ. ಗಾರೆ ಬಿರುಕು ಬಿಟ್ಟರೆ ಉಪ್ಪಿನ ತೇವ ಒಳಗೆ ಇಳಿಯುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನೇ ಸೀಳಿ ಹಾಕುತ್ತದೆ. ಮೇಲಿಂದ ಒಂದು ಸಣ್ಣ ಗೆರೆ ಕಾಣುತ್ತೆ ಅಷ್ಟೇ. ಬೆರಳಿಂದ ತಟ್ಟಿದರೆ ಒಳಗೆ ಟೊಳ್ಳು ಸದ್ದು. ಬಣ್ಣ ಎದ್ದ ಗೋಡೆ ಫೋಟೊಗೆ ಚಂದ, ಅದರ ಕೆಳಗೆ ಜನ ಓಡಾಡೋಕೆ ಬಿಡಬಾರದು. ಗಾಜು, ಗಾರೆ, ಬಣ್ಣ ಎಲ್ಲ ಸರಿ ಮಾಡದೆ ನೀರು ನಿಲ್ಲಿಸುವ ದಾರಿಯೇ ಇಲ್ಲ.

ಲೆಕ್ಕದಮಾತು: ಕೋಟಿಗಟ್ಟಲೆ ಯೂರೋ ಸಾರ್ವಜನಿಕ ದುಡ್ಡು ಹೋಗಿದೆ. ಮತ್ತೆ ಕ್ಯಾಸಿನೊನೇ ಮಾಡಿದ್ದರೆ ಆದಾಯವಾದರೂ ಬರ್ತಿತ್ತು. ಕಟ್ಟಿದ್ದೇ ಅದಕ್ಕಲ್ವಾ?

ಕಡಲದಂಡೆ: ಬರೀ ಜೂಜಿಗೆ ಅಂತ ಕಟ್ಟಿದ್ದಲ್ಲ. ನಾಟಕ, ಕುಣಿತ, ಊಟ ಎಲ್ಲ ನಡೆಯುತ್ತಿತ್ತು. 1914ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್ ಮನೆಯವರೊಂದಿಗೆ ಊರಿಗೆ ಬಂದಾಗ ಈ ಕ್ಯಾಸಿನೊದಲ್ಲೂ ಸತ್ಕಾರ ನಡೆದಿತ್ತು. ಜೂಜಿನ ಮನೆ ಆದರೆ ಆಡುವವರಷ್ಟೇ ಒಳಗೆ ಹೋಗ್ತಾರೆ. ದುಡ್ಡು ಜನರದ್ದು, ಜನರೇ ಒಳಗೆ ಬರಬೇಕು. ಎದುರಿಗಿರುವ ಅಕ್ವೇರಿಯಂ ನೋಡಿ. ಅದೂ ಮೊದಲು ಕ್ಯಾಸಿನೊದ ರೆಸ್ಟೊರೆಂಟೇ. 1958ರಿಂದ ಮಕ್ಕಳು ಅಲ್ಲಿ ಮೀನು ನೋಡ್ತಿದ್ದಾರೆ.

ಚರಿತ್ರೆಯವಳು: ಹೊಸದಾಗಿ ಕಾಣುತ್ತೆ ಅನ್ನೋದು ನನಗೆ ತೊಂದರೆಯೇ ಅಲ್ಲ. ವಾಸ್ತುಶಿಲ್ಪಿ ಡೇನಿಯಲ್ ರೆನಾರ್ ಇದನ್ನು ಆರ್ಟ್ ನೂವೋ, ಅಂದರೆ ಬಳ್ಳಿಯ ಹಾಗೆ ಬಳುಕುವ ಗೆರೆಗಳ ಅಲಂಕಾರದ ಶೈಲಿಯಲ್ಲಿ ಕಟ್ಟಿದಾಗಲೂ ‘ಇದು ಅತಿಯಾಯಿತು’ ಅಂದವರಿದ್ದರು. ನನ್ನ ಚಿಂತೆ ಬೇರೆ. ಯಾವ ಕಾಲವನ್ನು ತೋರಿಸ್ತೀವಿ? ಚಕ್ರವರ್ತಿ ಬಂದದ್ದನ್ನು ಎಲ್ಲರೂ ಹೇಳ್ತಾರೆ. ಮೊದಲ ಮಹಾಯುದ್ಧದಲ್ಲಿ ಇದು ಆಸ್ಪತ್ರೆಯಾಗಿತ್ತು. ಎರಡನೆಯದರಲ್ಲಿ ಜರ್ಮನ್ ಸೈನಿಕರು ಇಲ್ಲಿದ್ದರು. 1950ರ ದಶಕದ ಆರಂಭದಲ್ಲಿ ಕಮ್ಯುನಿಸ್ಟ್ ಸರ್ಕಾರ ಇದನ್ನು ರಿಪೇರಿ ಮಾಡಿಸಿತು. ದುಡಿದವರು ರಾಜಕೀಯ ಕೈದಿಗಳು. ಕೆಲಸ ನೋಡಿಕೊಂಡ ವಾಸ್ತುಶಿಲ್ಪಿ ಕಾನ್‌ಸ್ಟಾಂಟಿನ್ ಜೋಜಾ, ಅವರೂ ಕೈದಿಯೇ. ನಾವೆಲ್ಲ ಕೊಂಡಾಡುವ ಈ ಸೊಬಗು ಇಷ್ಟು ಕಾಲ ಉಳಿದದ್ದರಲ್ಲಿ ಅವರ ಬೆವರೂ ಇದೆ. ಸಂಸ್ಕೃತಿ ಕೇಂದ್ರ ಅಂತ ಹೆಸರಿಟ್ಟ ಮೇಲೆ ಅವರ ಕಥೆ ದೊಡ್ಡ ಹಾಲ್‌ನಲ್ಲೇ ಇರಬೇಕು, ಮೂಲೆಯ ಫಲಕದಲ್ಲಲ್ಲ.

ಹಳೆಗೋಡೆ: ಇದನ್ನೇ ನಾನು ಹೇಳೋಕೆ ಹೊರಟಿದ್ದು ಅಕ್ಕಾ. ಗಾಯದ ಗುರುತು ಅಳಿಸಿದರೆ ಈ ಕಥೆಗಳೂ ಹೋಗ್ತವೆ. ಒಂದು ಗೋಡೆಯನ್ನಾದರೂ ಹಳೇ ಪದರಗಳ ಜೊತೆ, ಗಾಜು ಹಾಕಿ ತೋರಿಸಬಹುದು.

ಗಾರೆಕೆಲಸ: ಒಂದು ಗೋಡೆ ಅಂದರೆ ಆಗುತ್ತೆ. ಕಡಲ ಕಡೆಯದ್ದು ಬೇಡ, ಒಳಗಿನದ್ದು ಇರಲಿ. ತೇವ ತಡೆದರೆ ಬಹಳ ಕಾಲ ಉಳಿಯುತ್ತೆ.

ಲೆಕ್ಕದಮಾತು: ಕೈದಿಗಳ ವಿಷಯ ನನಗೆ ಗೊತ್ತಿರಲಿಲ್ಲ. ಸರಿ, ಕ್ಯಾಸಿನೊ ಬೇಡ. ಆದರೆ ಚಳಿಗಾಲದಲ್ಲಿ ಪ್ರವಾಸಿಗರು ಕಡಿಮೆ. ಆಗಲೂ ಊರಿನವರು ಬರುವಂಥ ನಾಟಕ, ಸಂಗೀತ ಬಿಡದೆ ನಡೆಯಬೇಕು. ಉಪ್ಪು ಗಾಳಿ ವರ್ಷಪೂರ್ತಿ ಬೀಸುತ್ತೆ, ರಿಪೇರಿ ದುಡ್ಡು ವರ್ಷವರ್ಷವೂ ಬೇಕು.