ಪದಚರ್ಚೆ: ಹಳೆಯ ದಾಖಲೆಯ ‘ಸನ್ ಇನ್ ಲಾ’ ಅಳಿಯನೋ, ಮಲಮಗನೋ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಒಂದು ಮನೆತನದ ಇತಿಹಾಸವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಬ್ಬ ಪೂರ್ವಜನ ಹುಟ್ಟಿನ ಜಾಡು ವಂಶಸ್ಥರಿಗೆ ಬಹುಕಾಲ ಸಿಕ್ಕಿರಲಿಲ್ಲ. ಅವನನ್ನು ಹೂಳಿದ ದಿನ ಪಾದ್ರಿ ಬರೆದಿಟ್ಟ ಒಂದು ಸಾಲಷ್ಟೇ ಅವರಿಗಿದ್ದ ಆಧಾರ: ಹೆಸರು, ಆಮೇಲೆ ‘ಜಾನನ ಸನ್ ಇನ್ ಲಾ’. ಎಲ್ಲರೂ ಜಾನನ ಮಗಳ ಮದುವೆ ಹುಡುಕಿದರು. ಜಾನನಿಗೆ ಮದುವೆಯ ವಯಸ್ಸಿನ ಮಗಳೇ ಇರಲಿಲ್ಲ!

ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಹೆಂಡತಿಯ ಮೊದಲ ಗಂಡನ ಮಗನನ್ನೂ ‘ಸನ್ ಇನ್ ಲಾ’ ಎನ್ನುತ್ತಿದ್ದರು. ಮಲತಾಯಿಯೂ ‘ಮದರ್ ಇನ್ ಲಾ’ ಆಗುತ್ತಿದ್ದಳು. ಹಾಗಾಗಿ ಹುಡುಕಬೇಕಾದದ್ದು ಜಾನ್ ಯಾವ ವಿಧವೆಯನ್ನು ಮದುವೆಯಾದ ಎಂಬುದನ್ನು. ಅವಳ ಮೊದಲ ಗಂಡನ ಮನೆತನದ ಹೆಸರಿನಲ್ಲಿ ಹುಡುಗನ ದೀಕ್ಷಾಸ್ನಾನದ ದಾಖಲೆ ಕುಳಿತಿತ್ತು.

ಈಗ ಆ ಸಾಲಿಗೆ ಕನ್ನಡದಲ್ಲಿ ಏನು ಬರೆಯಲಿ? ‘ಅಳಿಯ’ ಎಂದರೆ ಓದುಗರೂ ಮಗಳ ಮದುವೆಯ ಹಿಂದೆಯೇ ಹೋಗುತ್ತಾರೆ. ‘ಮಲಮಗ’ ಎಂದರೆ ಒಗಟು ಮೊದಲ ಸಾಲಿನಲ್ಲೇ ಒಡೆದುಹೋಗುತ್ತದೆ. ನಮ್ಮ ‘ಅಳಿಯ’ನಿಗೂ ಎರಡರ್ಥವಿದೆ, ಮಗಳ ಗಂಡ ಮತ್ತು ಅಕ್ಕತಂಗಿಯರ ಮಗ, ಅಳಿಯಸಂತಾನ ಬಂದದ್ದೂ ಈ ಎರಡನೆಯದರಿಂದ. ಆದರೆ ಬೇಕಾದ ಎರಡರ್ಥ ಅದಲ್ಲ. ಸದ್ಯಕ್ಕೆ ದಾಖಲೆಯ ಸಾಲಿನಲ್ಲಿ ‘ಸನ್ ಇನ್ ಲಾ’ ಎಂದೇ ಬಿಟ್ಟು, ಕಥೆ ಬಿಚ್ಚಿಕೊಳ್ಳುವಲ್ಲಿ ವಿವರಿಸುವುದೇ ಸರಿ ಅನ್ನಿಸುತ್ತಿದೆ.

ಇನ್ನೆರಡು ಸಣ್ಣ ತೊಡಕುಗಳು. ಅದೇ ಊರಿನಲ್ಲಿ ‘ಜಾನ್ ಸೀನಿಯರ್’, ‘ಜಾನ್ ಜೂನಿಯರ್’ ಇದ್ದಾರೆ. ಅಂಥವರು ಅಪ್ಪ ಮಗನೇ ಆಗಿರಬೇಕಿಲ್ಲ, ರಕ್ತಸಂಬಂಧವೇ ಇಲ್ಲದಿರಬಹುದು. ಹಿರಿಯ ಸತ್ತರೆ ಕಿರಿಯನೇ ‘ಸೀನಿಯರ್’ ಆಗಿಬಿಡುತ್ತಾನೆ. ನಮ್ಮ ಹಳ್ಳಿಗಳ ದೊಡ್ಡತಿಮ್ಮ, ಚಿಕ್ಕತಿಮ್ಮರ ಹಾಗೆ ‘ದೊಡ್ಡ ಜಾನ್’ ಎಂದರೆ ತೀರಾ ತಮಾಷೆಯಾದೀತೇ?

ಇನ್ನು ಇಸವಿ. ಅಲ್ಲಿ 1752ಕ್ಕೆ ಮುಂಚೆ ಅಧಿಕೃತ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅವರ ಫೆಬ್ರವರಿ 1641 ಎಂದರೆ ನಮ್ಮ ಲೆಕ್ಕದ ಫೆಬ್ರವರಿ 1642. ಏಪ್ರಿಲ್ 1641ರಲ್ಲಿ ಮದುವೆ, ಫೆಬ್ರವರಿ 1641ರಲ್ಲಿ ಮಗುವಿನ ದೀಕ್ಷಾಸ್ನಾನ ಎಂದಿದ್ದರೆ ಯಾರೂ ಹುಬ್ಬೇರಿಸಬೇಕಿಲ್ಲ, ನಡುವೆ ಹತ್ತು ತಿಂಗಳಿದೆ. ಅಂಥ ಕಡೆ ‘1641/42’ ಎಂದು ಬರೆಯುತ್ತಿದ್ದೇನೆ.

ಮುಖ್ಯ ಪ್ರಶ್ನೆ ಉತ್ತರ ಕರ್ನಾಟಕದವರಿಗೆ. ಉಡಿಕೆ, ಕೂಡಿಕೆ ಎನ್ನುವ ಮರುಮದುವೆಗಳಲ್ಲಿ ಹೆಣ್ಣು ತನ್ನೊಂದಿಗೆ ಕರೆತಂದ ಮಗನಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ‘ಮಲಮಗ’ದಲ್ಲಿರುವ ಕಹಿ ಇಲ್ಲದ ಮಾತೊಂದು ಸಿಕ್ಕರೆ ವಿವರಣೆಯ ಭಾಗದಲ್ಲಿ ಅದನ್ನೇ ಬಳಸುತ್ತೇನೆ. ಹಳೆಯ ಪತ್ರಗಳಲ್ಲೋ ಮನೆಮಾತಿನಲ್ಲೋ ಕಂಡಿದ್ದರೆ ಇಡೀ ವಾಕ್ಯವನ್ನೇ ಕಳಿಸಿ.