ಜಾಸ್ತಿ ಬಂದ ದುಡ್ಡನ್ನು ಬೇರೆ ನಂಬರಿಗೆ ವಾಪಸ್ ಹಾಕಬಹುದಾ?

ಪ್ರಶ್ನೆ (ಕ್ಯಾಮೆರಾ ಬಾಡಿಗೆ, ಮೈಸೂರು):
ನಮಸ್ಕಾರ. ಮದುವೆ ಶೂಟ್ ಮಾಡುವವರಿಗೆ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುತ್ತೇವೆ. ಬುಕಿಂಗ್ ಎಲ್ಲಾ ಆನ್‌ಲೈನ್. ನಿನ್ನೆ ಹೊಸ ಗಿರಾಕಿಯೊಬ್ಬರು 8,000 ರೂಪಾಯಿ ಬದಲು 28,000 ಯುಪಿಐ ಮಾಡಿದ್ದಾರೆ. ಸ್ಕ್ರೀನ್‌ಶಾಟ್ ನಂಬಿಲ್ಲ, ದುಡ್ಡು ಖಾತೆಗೇ ಬಂದಿದೆ. ಈಗ "ಉಳಿದ 20,000 ನಮ್ಮ ತಮ್ಮನ ನಂಬರಿಗೆ ಹಾಕಿ, ಆಸ್ಪತ್ರೆಗೆ ಅರ್ಜೆಂಟ್ ಬೇಕು" ಅಂತ ಒಂದೇ ಸಮನೆ ಫೋನ್ ಮಾಡುತ್ತಿದ್ದಾರೆ. ಹಾಕಿಬಿಡಲಾ?

ಉತ್ತರ (ಪೇಮೆಂಟ್ ಕಂಪನಿಯಲ್ಲಿ ಮೋಸ ತಡೆಯುವ ವಿಭಾಗ):
ದಯವಿಟ್ಟು ಹಾಕಬೇಡಿ ಸರ್. ದುಡ್ಡು ಬಂದಿರುವುದು ನಿಜ, ಆದರೆ ಅದು ಯಾರ ದುಡ್ಡು? ಎಲ್ಲೋ ಮೋಸ ಹೋದವರಿಂದ ನೇರವಾಗಿ ನಿಮ್ಮ ಖಾತೆಗೆ ಹಾಕಿಸಿರಬಹುದು. ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ದುಡ್ಡಿನ ಜಾಡು ಹಿಡಿದು ಬಂದವರಿಗೆ ಮೊದಲು ಸಿಗುವುದು ನಿಮ್ಮ ಖಾತೆ. ಬ್ಯಾಂಕಿನವರು ಅಷ್ಟು ಮೊತ್ತಕ್ಕೆ ಲೀನ್ ಹಾಕುತ್ತಾರೆ, ಮುಟ್ಟಲು ಬಿಡುವುದಿಲ್ಲ. ಕೆಲವು ಸಲ ಇಡೀ ಖಾತೆಯೇ ಫ್ರೀಜ್ ಆಗುತ್ತದೆ. ಅಷ್ಟರಲ್ಲಿ ಆ "ತಮ್ಮ" 20,000 ತೆಗೆದುಕೊಂಡು ಹೋಗಿರುತ್ತಾನೆ. ಹುಡುಗರ ಸಂಬಳ, ಕ್ಯಾಮೆರಾ ಇಎಂಐ ಎಲ್ಲಾ ಅದೇ ಖಾತೆಯಿಂದ ಅಲ್ವಾ?

ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ನಿಮ್ಮ ಬುಕಿಂಗ್ ಸೈಟಿನ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ದುಡ್ಡು ಪಡೆದು ಕೊಡುವ ಸೇವೆ) ಮೂಲಕ ಬಂದಿದ್ದರೆ ಅದರಲ್ಲೇ ರಿಫಂಡ್ ಕೊಡಿ. ನೇರ ಯುಪಿಐ ಆಗಿದ್ದರೆ 12 ಅಂಕಿಯ ಯುಟಿಆರ್ ನಂಬರ್ (ಆ ಪೇಮೆಂಟಿನ ಗುರುತಿನ ಸಂಖ್ಯೆ) ಬರೆದು ಬ್ಯಾಂಕಿಗೆ ಪತ್ರ ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಖಾತೆಯಲ್ಲಿ ಕಳಿಸಿದವರ ಹೆಸರು ಏನಿದೆ, ನೋಡಿದಿರಾ?

ಪ್ರಶ್ನೆ (ಮೈಸೂರು):
ಈಗ ನೋಡಿದೆ ಸರ್. ಯಾರೋ ಹೆಂಗಸಿನ ಹೆಸರಿದೆ. ಬುಕ್ ಮಾಡಿದವರು ಗಂಡಸು.

ಉತ್ತರ:
ಹಾಗಾದರೆ ಲೆನ್ಸ್ ಕೂಡ ಕೊಡಬೇಡಿ. ನೀವೇ ಮೊದಲು 1930ಕ್ಕೆ ಫೋನ್ ಮಾಡಿ ತಿಳಿಸಿ. ವಾಟ್ಸಾಪ್ ಚಾಟ್, ಕಾಲ್ ದಾಖಲೆ ಯಾವುದನ್ನೂ ಅಳಿಸಬೇಡಿ. ನಾಳೆ ವಿಚಾರಣೆ ಬಂದರೆ ನಿಮ್ಮ ಪರ ನಿಲ್ಲುವುದು ಅವೇ.

ಪ್ರಶ್ನೆ (ಹೋಂಸ್ಟೇ, ಸಕಲೇಶಪುರ):
ನಮಗೆ ಬೇರೆ ಥರ. ಮಿಲಿಟರಿ ಆಫೀಸರ್ ಅಂತ ಹೇಳಿ, ಅಡ್ವಾನ್ಸ್ ಬರಬೇಕಾದರೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರು.

ಉತ್ತರ:
ಮೇಡಂ, ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಹಾಕಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಮಾತು ಬೆಳೆಸದೆ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ (ಮೈಸೂರು):
ಹೊರದೇಶದಲ್ಲಿರುವ ನಮ್ಮವರು ಮದುವೆಗೆ ಬಂದಾಗ ಅಲ್ಲಿನ ಕಾರ್ಡ್‌ನಲ್ಲಿ ಕಟ್ಟುತ್ತಾರೆ. ಅದರಲ್ಲೂ ಅಪಾಯ ಇದೆಯಾ?

ಉತ್ತರ:
ಇದೆ. ಆ ಕಾರ್ಡ್‌ಗಳಲ್ಲಿ ಒಟಿಪಿ ಇಲ್ಲದೆಯೂ ಪೇಮೆಂಟ್ ಆಗುವುದುಂಟು. ಕದ್ದ ಕಾರ್ಡ್ ಆಗಿದ್ದರೆ ಅಸಲಿ ಮಾಲೀಕರು ತಿಂಗಳುಗಳ ನಂತರವೂ ಚಾರ್ಜ್‌ಬ್ಯಾಕ್ ಹಾಕಬಹುದು, ಅಂದರೆ ತಮ್ಮ ಬ್ಯಾಂಕಿಗೆ ಹೇಳಿ ಆ ದುಡ್ಡನ್ನು ನಿಮ್ಮಿಂದ ವಾಪಸ್ ಕೇಳಬಹುದು. ಆಗ ಬಾಡಿಗೆಯೂ ಹೋಗುತ್ತದೆ, ಲೆನ್ಸೂ ಹೋಗಿರುತ್ತದೆ. ಬಾಡಿಗೆ ವ್ಯಾಪಾರಕ್ಕೆ ಇದೇ ದೊಡ್ಡ ಹೊಡೆತ, ಯಾಕೆಂದರೆ ಸಾವಿರಗಳ ಬಾಡಿಗೆಗೆ ಲಕ್ಷದ ಸಾಮಾನು ಕೈಬಿಟ್ಟು ಹೋಗುತ್ತದೆ. ಸಾಮಾನು ಒಯ್ಯುವಾಗ ಆ ಕಾರ್ಡ್, ಪಾಸ್‌ಪೋರ್ಟ್ ಎರಡನ್ನೂ ತರಲು ಹೇಳಿ, ಹೆಸರು ತಾಳೆ ನೋಡಿ. ಸೀರಿಯಲ್ ನಂಬರ್ ಬರೆದು ಸಹಿ ಹಾಕಿಸಿಕೊಳ್ಳಿ. ಕಾರ್ಡ್ ನಂಬರ್ ಮಾತ್ರ ಫೋಟೋ ತೆಗೆದು ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಮೈಸೂರು):
ಸರಿ ಸರ್. ಆ ಮನುಷ್ಯ ಮತ್ತೆ ಫೋನ್ ಮಾಡುತ್ತಿದ್ದಾನೆ. ಏನು ಹೇಳಲಿ?

ಉತ್ತರ:
ಫೋನ್ ಎತ್ತಬೇಡಿ, ಮೆಸೇಜ್ ಮಾಡಿ: "ಬುಕಿಂಗ್ ರದ್ದಾಗಿದೆ. ಪೂರ್ತಿ ಹಣ ಬಂದ ಖಾತೆಗೇ ವಾಪಸ್ ಹೋಗುತ್ತದೆ, ಬ್ಯಾಂಕ್ ಮೂಲಕ. ಏನಿದ್ದರೂ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ." ಕಳಿಸಿದ ಮೇಲೆ ಅದರ ಸ್ಕ್ರೀನ್‌ಶಾಟನ್ನೂ ಬ್ಯಾಂಕಿಗೆ ಕೊಡುವ ಪತ್ರದ ಜೊತೆ ಸೇರಿಸಿ ಕೊಡಿ.